ಮನೆಯಲ್ಲೇ ಬೈಕ್ ಸರ್ವಿಸ್: ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಬೈಕುಗಳೆಲ್ಲ ಒಂದೇ ಥರ ಸದ್ದು ಮಾಡುತ್ತವೆ. ಚೈನು ಕರಕರ ಅನ್ನುತ್ತದೆ. ಬ್ರೇಕು ಒತ್ತಿದರೆ ಕೀಚಲು ದನಿ. ಕ್ಲಚ್ಚು ಹಿಡಿದರೆ ಮಣಿಕಟ್ಟು ನೋಯುತ್ತದೆ. ಮೂರು ತಿಂಗಳು ಕೆಂಪು ಕೆಸರಿನಲ್ಲಿ ಓಡಿದ ಗಾಡಿ ಅದು, ಪಾಪ. ಆದರೆ ಈ ಮೂರು ತೊಂದರೆಗೂ ಗ್ಯಾರೇಜಿಗೆ ಹೋಗಬೇಕಾಗಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಸಮತಟ್ಟಾದ ಅಂಗಳ, ನಾಲ್ಕು ಸ್ಪ್ಯಾನರ್ ಇದ್ದರೆ ಸಾಕು.

ನನ್ನದು 97.2 ಸಿಸಿಯ ಸ್ಪ್ಲೆಂಡರ್. ಸಾಗರದ ಕಡೆಯ ರಸ್ತೆಗಳಲ್ಲಿ ದಿನವೂ ಓಡುತ್ತದೆ. ಇಲ್ಲಿ ಬರೆದಿರುವುದು ಆ ಗಾಡಿಯ ಮೇಲೆ ಕೈಯಾಡಿಸಿ ಕಲಿತದ್ದು. 100ರಿಂದ 160 ಸಿಸಿ ತನಕದ, ಗಾಳಿಯಿಂದ ತಣ್ಣಗಾಗುವ ಎಂಜಿನ್ನಿನ ಹೆಚ್ಚಿನ ಬೈಕುಗಳಿಗೆ ಕ್ರಮ ಇದೇ. ಅಳತೆಗಳು ಮಾತ್ರ ಬದಲಾಗುತ್ತವೆ. ಅದಕ್ಕೆ ನಿಮ್ಮ ಬೈಕಿನ ಜೊತೆ ಕೊಟ್ಟ ಕೈಪಿಡಿಯನ್ನು ಮೊದಲು ಹುಡುಕಿ ಇಟ್ಟುಕೊಳ್ಳಿ. ಕಳೆದುಹೋಗಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ಹೊಸ ಗಾಡಿಯಾಗಿದ್ದರೆ ಫ್ರೀ ಸರ್ವಿಸುಗಳನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಅದನ್ನು ತಪ್ಪಿಸಿದರೆ ಮುಂದೆ ವಾರಂಟಿ ಕೇಳುವಾಗ ತೊಂದರೆ ಆಗಬಹುದು.

ಹದ ಅಂದರೆ ಏನು

ಅಮ್ಮ ಅಡುಗೆಗೆ ಹೇಳುವ ಹದ ಬೈಕಿಗೂ ಇದೆ. ಚೈನು ಬಿಗಿಯೂ ಇರಬಾರದು, ಜೋಲೂ ಇರಬಾರದು. ಎಣ್ಣೆ ಕಡಿಮೆ ಆದರೂ ಕೆಟ್ಟದ್ದು, ಜಾಸ್ತಿ ಆದರೂ ಕೆಟ್ಟದ್ದು. ಬೋಲ್ಟು ಸಡಿಲ ಇದ್ದರೆ ಬೀಳುತ್ತದೆ, ಅತಿ ಬಿಗಿ ಮಾಡಿದರೆ ಮರೆ, ಅಂದರೆ ಬೋಲ್ಟು ಕೂರುವ ಸುರುಳಿ ಗೆರೆ, ಹರಿಯುತ್ತದೆ.

ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದ ಹುಡುಗ ಉದ್ದ ಹಿಡಿಕೆಯ ಸ್ಪ್ಯಾನರ್ ಹಾಕಿ, ಮೈಭಾರವೆಲ್ಲ ಬಿಟ್ಟು ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್ ತಿರುಗಿಸಿದ್ದ. ಬೋಲ್ಟು ಉಕ್ಕಿನದು, ಎಂಜಿನ್ನಿನ ಮೈ ಅಲ್ಯೂಮಿನಿಯಂ. ಉಕ್ಕು ಗೆಲ್ಲದೆ ಇರುತ್ತದಾ? ಎರಡು ದಿನದಲ್ಲಿ ಎಂಜಿನ್ ಅಡಿಯಿಂದ ಹನಿ ಹನಿ ಎಣ್ಣೆ. ಬೋಲ್ಟ್ ಬಿಚ್ಚಿ ನೋಡಿದರೆ ಅದರ ಮರೆಗಳ ನಡುವೆ ಬಳ್ಳಿಯ ಹಾಗೆ ಸುತ್ತಿಕೊಂಡ ಅಲ್ಯೂಮಿನಿಯಂ ಎಳೆ. ಆಮೇಲೆ ಲೇತ್‌ನಲ್ಲಿ ಹೊಸ ಮರೆಯ ಕಾಯಿಲ್ ಕೂರಿಸಬೇಕಾಯಿತು. ಅವತ್ತಿನಿಂದ ಆ ಬೋಲ್ಟನ್ನು ನಾನೇ ಬಿಚ್ಚುತ್ತೇನೆ, ನಾನೇ ಹಾಕುತ್ತೇನೆ.

ಏನೇನು ಬೇಕು

10, 12, 14, 17 ಮತ್ತು 19ರ ರಿಂಗ್ ಸ್ಪ್ಯಾನರ್. 8 ಮತ್ತು 10ರ ಟಿ ಸ್ಪ್ಯಾನರ್. ಒಂದು ಒಳ್ಳೆಯ ನಕ್ಷತ್ರ ತಲೆಯ ಸ್ಕ್ರೂಡ್ರೈವರ್, 5 ಮತ್ತು 6ರ ಅಲೆನ್ ಕೀ, ಪ್ಲಗ್ ಸ್ಪ್ಯಾನರ್. ಎಲ್ಲಾ ಒಟ್ಟಿಗೆ ಬರುವ 100 ತುಂಡಿನ ಅಗ್ಗದ ಪೆಟ್ಟಿಗೆ ಬೇಡ. ಬೇಕಾದ ಆರೇಳು ಸೈಜನ್ನು ಮಾತ್ರ ಒಳ್ಳೆಯದೇ ತೆಗೆದುಕೊಳ್ಳಿ. ಮೆತ್ತನೆಯ ಉಕ್ಕಿನ ಸ್ಪ್ಯಾನರ್ ಒಂದೇ ಸಲಕ್ಕೆ ನಟ್ಟಿನ ಮೂಲೆ ಉರುಟು ಮಾಡಿಬಿಡುತ್ತದೆ. ಬೆಂಗಳೂರಿನಲ್ಲಿರುವವರಿಗೆ ಸ್ಪೇರ್‌ಗೆ ಜೆಸಿ ರಸ್ತೆ, ವೈರು, ರಿಲೇ, ಮೀಟರ್‌ಗೆ ಎಸ್‌ಪಿ ರಸ್ತೆ ಇದ್ದೇ ಇದೆ.

ಆಮೇಲೆ ಎರಡು ವಸ್ತು: ಟೈರ್ ಗಾಳಿ ನೋಡುವ ಗೇಜ್, ಒಂದು ಮಲ್ಟಿಮೀಟರ್. ಆಸಕ್ತಿ ಬೆಳೆದ ಮೇಲೆ ಒಂದು ಸಣ್ಣ ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿ ಮಾಡುತ್ತಿದ್ದೇವೆ ಎಂದು ಅಳೆಯುವ ಸ್ಪ್ಯಾನರ್, ಕೊಳ್ಳಿ. 5ರಿಂದ 25 ನ್ಯೂಟನ್ ಮೀಟರ್ ಅಳೆಯುವಂಥದ್ದು ಸಣ್ಣ ಬೋಲ್ಟುಗಳಿಗೆಲ್ಲ ಆಗುತ್ತದೆ. ಹಳೆ ಬನಿಯನ್, ಹಳೆ ಹಲ್ಲುಜ್ಜುವ ಬ್ರಷ್, ಹಳೆ ಪೇಪರು ಮನೆಯಲ್ಲೇ ಇರುತ್ತವೆ.

ಶುರು ಮಾಡುವ ಮೊದಲು ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ. ನ್ಯೂಟ್ರಲ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಂಚೆ, ದುಪ್ಪಟ್ಟಾ, ಕೈಯ ದಾರ, ಉಂಗುರ ಬೇಡ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಆ ಹೊಗೆ ಜೀವ ತೆಗೆಯುತ್ತದೆ.

ಆಯಿಲ್ ಬದಲಿಸುವುದು

ಎಂಜಿನ್ ಆಯಿಲ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಕೈಪಿಡಿ ನೋಡಿ. ದಿನವೂ ಎರಡು ಮೂರು ಕಿ.ಮೀ. ಮಾತ್ರ ಓಡಿಸುವವರು, ಘಾಟಿ ಹತ್ತಿ ಇಳಿಯುವವರು ಸ್ವಲ್ಪ ಬೇಗನೇ ಬದಲಿಸಿದರೆ ಒಳ್ಳೆಯದು. ಎಂಜಿನ್ ಪೂರ್ತಿ ಬಿಸಿಯಾಗದೆ ಓಡಿದರೆ ಒಳಗಿನ ನೀರಾವಿ ಎಣ್ಣೆಯಲ್ಲೇ ಉಳಿಯುತ್ತದೆ.

ಡಬ್ಬಿಯ ಮೇಲೆ ಎರಡು ಸಂಗತಿ ನೋಡಿ. ಒಂದು ಗ್ರೇಡ್, ಅಂದರೆ ಎಣ್ಣೆ ಎಷ್ಟು ಮಂದ ಎನ್ನುವುದು. ಸ್ಪ್ಲೆಂಡರ್‌ಗೆ 10ಡಬ್ಲ್ಯೂ-30. ಇನ್ನೊಂದು ಜಾಸೋ ಎಂಎ ಅಥವಾ ಎಂಎ2 ಗುರುತು, ಬೈಕಿನ ಎಣ್ಣೆಗೆ ಇರುವ ಜಪಾನಿನ ಮಾನದಂಡ ಅದು. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಹಲವು ಎಣ್ಣೆಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಸೇರಿಸಿರುತ್ತಾರೆ. ಅದನ್ನು ಹಾಕಿದರೆ ಕ್ಲಚ್ ಜಾರುತ್ತದೆ. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಮೂರು ನಾಲ್ಕು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ. ಎಣ್ಣೆ ಬೆಚ್ಚಗಾಗಬೇಕು, ಕೈ ಸುಡುವಷ್ಟಲ್ಲ. ಬೆಚ್ಚಗಿನ ಎಣ್ಣೆ ಕೊಳೆಯನ್ನೂ ಎಳೆದುಕೊಂಡು ಇಳಿಯುತ್ತದೆ. ಅಡಿಯಲ್ಲಿ ಅಗಲ ಬಾಯಿಯ ಹಳೆ ಬೋಗುಣಿ ಇಡಿ. ಮೇಲಿನ ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಬಿಚ್ಚಿ. ಗಾಳಿ ಒಳಗೆ ಹೋದರೆ ಎಣ್ಣೆ ಸಲೀಸಾಗಿ ಇಳಿಯುತ್ತದೆ. ಈಗ ಎಂಜಿನ್ ಅಡಿಯ 17ರ ಬೋಲ್ಟು. ಸ್ಪ್ಯಾನರಿನಲ್ಲಿ ಸಡಿಲ ಮಾಡಿ, ಕೊನೆಯ ಸುತ್ತುಗಳನ್ನು ಕೈಯಲ್ಲೇ ಬಿಚ್ಚಿ. ತಿರುಗಿಸುವಾಗ ಮೇಲಕ್ಕೆ ಒತ್ತಿ ಹಿಡಿದಿದ್ದು, ಮರೆ ಮುಗಿದ ಕೂಡಲೇ ಪಕ್ಕಕ್ಕೆ ತೆಗೆದರೆ ಕೈ ತೋಯುವುದಿಲ್ಲ.

ಹತ್ತು ನಿಮಿಷ ಸುಮ್ನೆ ಬಿಡಿ. ಆ ಹೊತ್ತಿನಲ್ಲಿ ಬಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಬೆಳಕಿಗೆ ಹಿಡಿದು ನೋಡಿ. ಕಪ್ಪಾಗಿರುವುದು ಸಹಜ. ಹಾಲು ಹಾಕಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದರ್ಥ. ಕಣ್ಣಿಗೆ ಕಾಣುವ ಲೋಹದ ಚೂರು ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಿಸಿ, ತಿಳಿದ ಮೆಕ್ಯಾನಿಕ್‌ಗೆ ತೋರಿಸಿ.

ಬೋಲ್ಟಿನ ವಾಷರ್ ಮೆತ್ತನೆಯ ಲೋಹದ್ದು. ಒತ್ತಿಕೊಂಡು ಸೋರದ ಹಾಗೆ ಕೂರುವುದು ಅದರ ಕೆಲಸ. ಒಮ್ಮೆ ಒತ್ತಿಕೊಂಡದ್ದು ಇನ್ನೊಮ್ಮೆ ಸರಿಯಾಗಿ ಕೂರುವ ಭರವಸೆ ಇಲ್ಲ. ಹೊಸದು ಹಾಕಿ. ಕೆಲವೇ ರೂಪಾಯಿ. ಬೋಲ್ಟನ್ನು ಬರೀ ಬೆರಳಿನಲ್ಲಿ ಪೂರ್ತಿ ತಿರುಗಿಸಿ. ನಡುವೆ ಎಲ್ಲಾದರೂ ಹಿಡಿದುಕೊಂಡರೆ ಮರೆ ಅಡ್ಡ ಬಿದ್ದಿದೆ, ಬಿಚ್ಚಿ ಮತ್ತೆ ಹಾಕಿ. ವಾಷರ್ ಮೈಗೆ ತಾಗಿದ ಮೇಲೆ ಮಾತ್ರ ಸ್ಪ್ಯಾನರ್. ಟಾರ್ಕ್ ರೆಂಚ್ ಇದ್ದರೆ ಕೈಪಿಡಿಯ ಲೆಕ್ಕಕ್ಕೆ ಬಿಗಿ ಮಾಡಿ. ಇಲ್ಲದಿದ್ದರೆ ಸ್ಪ್ಯಾನರನ್ನು ಬೋಲ್ಟಿನ ಹತ್ತಿರವೇ ಹಿಡಿದು, ಮಣಿಕಟ್ಟಿನ ಬಲದಲ್ಲಿ ಬಿಗಿ ಮಾಡಿ. ತೋಳು, ಭುಜ ಬರಬಾರದು.

ಎಷ್ಟು ಎಣ್ಣೆ ಹಾಕಬೇಕು? ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ಅಳತೆ ಇರುತ್ತದೆ. ಎಂಜಿನ್ ಪೂರ್ತಿ ಬಿಚ್ಚಿದಾಗ ಹಾಕುವುದು ಒಂದು, ಬರೀ ಆಯಿಲ್ ಬದಲಿಸಿದಾಗ ಹಾಕುವುದು ಇನ್ನೊಂದು. ನಮಗೆ ಬೇಕಾದದ್ದು ಎರಡನೆಯದು, ಅದು ಕಡಿಮೆ. ಎಷ್ಟೋ ಜನ ಇದನ್ನು ನೋಡದೆ ಡಬ್ಬಿ ಪೂರ್ತಿ ಬಗ್ಗಿಸಿಬಿಡುತ್ತಾರೆ. ಹಾಕಿದ ಮೇಲೆ ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಆಮೇಲೆ ಡಿಪ್‌ಸ್ಟಿಕ್ ಒರೆಸಿ ಇಳಿಸಿ. ಸ್ಪ್ಲೆಂಡರ್‌ನಲ್ಲಿ ಅದನ್ನು ತಿರುಗಿಸಿ ಕೂರಿಸಬಾರದು, ಬಾಯಿಯ ಮೇಲೆ ಸುಮ್ನೆ ಇಡಬೇಕು. ಮೇಲಿನ ಗೀಟಿಗೂ ಕೆಳಗಿನ ಗೀಟಿಗೂ ನಡುವೆ ಎಣ್ಣೆ ಇರಬೇಕು. ಕೆಲವು ಬೈಕಿನಲ್ಲಿ ಡಿಪ್‌ಸ್ಟಿಕ್ ಬದಲು ಎಂಜಿನ್ ಪಕ್ಕ ಸಣ್ಣ ಗಾಜಿನ ಕಿಟಕಿ ಇರುತ್ತದೆ.

ಸ್ಪ್ಲೆಂಡರ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ, ಒಳಗೆ ಜಾಲರಿ ಇದೆ. ಅದನ್ನು ತೊಳೆಯಲು ಎಂಜಿನ್ ಕವರ್ ಬಿಚ್ಚಬೇಕು. ಮೊದಲ ಸಲಕ್ಕೆ ಅದು ಬೇಡ. ಕಾಗದದ ಫಿಲ್ಟರ್ ಇರುವ ಬೈಕಾದರೆ ಕೈಪಿಡಿ ಹೇಳಿದಾಗ ಅದನ್ನೂ ಅದರ ರಬ್ಬರ್ ರಿಂಗನ್ನೂ ಬದಲಿಸಿ.

ಹಳೆ ಎಣ್ಣೆಯನ್ನು ತೋಟಕ್ಕೂ ಚರಂಡಿಗೂ ಚೆಲ್ಲಬೇಡಿ. ನಮ್ಮಲ್ಲಿ ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲಿ ಎಂದು ಬಳಿಯುವ ರೂಢಿ ಇದೆ. ಅದೂ ಮಳೆಗೆ ಇಳಿದು ಬಾವಿಯ ಕಡೆಗೇ ಹೋಗುತ್ತದೆ. ಖಾಲಿಯಾದ ಡಬ್ಬಿಗೇ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಚೈನು: ಇಲ್ಲಿ ಪುರುಸೊತ್ತು ಮಾಡಿಕೊಳ್ಳಿ

ಇಡೀ ಬೈಕಿನಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಸುಖ ಕೊಡುವ ಕೆಲಸ ಇನ್ನೊಂದಿಲ್ಲ. ಮೊದಲು ಒಂದು ಎಚ್ಚರಿಕೆ. ಚೈನು ಒರೆಸಲು ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ, ಅಂದರೆ ಚೈನು ಕೂರುವ ಹಲ್ಲಿನ ಗಾಲಿಗೆ, ಹೋಗುತ್ತದೆ. ಚಕ್ರವನ್ನು ಯಾವಾಗಲೂ ಕೈಯಲ್ಲೇ ತಿರುಗಿಸಿ.

ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಚೈನಿಗೆ ಪೂರ್ತಿ ಕವರ್ ಇರುತ್ತದೆ. ಕೆಲವು ಬೋಲ್ಟ್ ತೆಗೆದರೆ ಅದು ಎರಡು ಭಾಗವಾಗಿ ಬರುತ್ತದೆ. ಮಳೆಗಾಲದ ನಂತರ ಕೆಳಗಿನ ಭಾಗದಲ್ಲಿ ಕೆಂಪು ಮಣ್ಣು, ಗ್ರೀಸು ಸೇರಿ ಗಟ್ಟಿ ಮುದ್ದೆಯಾಗಿರುತ್ತದೆ. ಚಮಚದಲ್ಲಿ ಕೆರೆದು ತೆಗೆಯಿರಿ.

ಚೈನನ್ನು ತೊಳೆಯಲು ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಬಳಸಿ, ಪೆಟ್ರೋಲ್ ಬೇಡ. ಬೆಂಕಿಯ ಭಯ ಒಂದು. ಕೊಂಡಿಗಳ ನಡುವೆ ರಬ್ಬರ್ ಓ-ರಿಂಗ್ ಇರುವ ಚೈನಾದರೆ ಅದನ್ನು ಪೆಟ್ರೋಲ್ ಹಾಳು ಮಾಡುವುದು ಇನ್ನೊಂದು. ಹಲ್ಲುಜ್ಜುವ ಬ್ರಷ್ಷಿನಲ್ಲಿ ನಾಲ್ಕೂ ಕಡೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ.

ಆಮೇಲೆ ಎಣ್ಣೆ. ಅಂಗಡಿಯ ಸ್ಪ್ರೇ ಒಳ್ಳೆಯದೇ. ನಾನು ಬಳಸುವುದು ಎಸ್‌ಎಇ 90 ಗೇರ್ ಆಯಿಲ್. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ. ಹನಿ ಹನಿಯಾಗಿ ಚೈನಿನ ಒಳಮೈಗೆ, ಕೆಳಗಿನ ಸಾಲಿನ ಮೇಲ್ಭಾಗಕ್ಕೆ ಬಿಡಬೇಕು. ಚಕ್ರ ತಿರುಗಿದಾಗ ಅದು ಹೊರಕ್ಕೆ ಹರಡಿ ಕೊಂಡಿಗಳ ಒಳಗೆ ಇಳಿಯುತ್ತದೆ. ಹೊರಗೆ ಉಳಿದದ್ದನ್ನು ಒರೆಸಿಬಿಡಿ, ಅದು ಧೂಳು ಹಿಡಿಯುತ್ತದೆ ಅಷ್ಟೇ. ಸಂಜೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಇನ್ನೂ ಚೆನ್ನ.

ಈಗ ಬಿಗಿ. ಎರಡು ಸ್ಪ್ರಾಕೆಟ್ಟಿನ ನಡುಮಧ್ಯೆ ಕೆಳಗಿನ ಚೈನನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ಈ ವರ್ಗದ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು. ಚಕ್ರ ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಕಡೆ ನೋಡಿ. ಎಲ್ಲಿ ಅತಿ ಬಿಗಿಯಾಗಿದೆಯೋ ಅಲ್ಲಿಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಬಿಗಿ ಚೈನು ಒಳ್ಳೆಯದು ಅನ್ನುವುದು ತಪ್ಪು. ಹಿಂದೆ ಒಬ್ಬರು ಕೂತು ಗುಂಡಿಗೆ ಇಳಿದಾಗ ಹಿಂಚಕ್ರ ಮೇಲೆ ಹೋಗಿ ಚೈನು ಇನ್ನಷ್ಟು ಎಳೆಯುತ್ತದೆ. ಆಟವೇ ಇಲ್ಲದಿದ್ದರೆ ಆ ಏಟು ಬೇರಿಂಗಿಗೆ ಬೀಳುತ್ತದೆ.

ಸರಿಪಡಿಸಲು ಹಿಂಚಕ್ರದ ಆಕ್ಸಲ್ (ಅಚ್ಚು) ನಟ್ ಸಡಿಲ ಮಾಡಿ. ಚೈನಿನ ಬದಿ ಅದರ ಜೊತೆಗೇ ಇರುವ ಸ್ಲೀವ್ ನಟ್ಟನ್ನೂ ಸಡಿಲ ಮಾಡಬೇಕು. ಇದನ್ನು ಮರೆತರೆ ಚಕ್ರ ಕದಲುವುದಿಲ್ಲ. ಆಮೇಲೆ ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಸಮವಾಗಿ, ಕಾಲು ಸುತ್ತು ಇಲ್ಲಿ, ಕಾಲು ಸುತ್ತು ಅಲ್ಲಿ ಎನ್ನುವ ಹಾಗೆ ತಿರುಗಿಸಿ. ಎರಡೂ ಬದಿಯ ಗೀಟುಗಳು ಒಂದೇ ಲೆಕ್ಕ ತೋರಿಸಬೇಕು. ತಪ್ಪಿದರೆ ಚಕ್ರ ಓರೆಯಾಗಿ ಗಾಡಿ ಒಂದು ಕಡೆ ಎಳೆಯುತ್ತದೆ. ಸರಿಯಾದ ಮೇಲೆ ಮೊದಲು ಸ್ಲೀವ್ ನಟ್, ಆಮೇಲೆ ಆಕ್ಸಲ್ ನಟ್ ಬಿಗಿ ಮಾಡಿ, ಚೈನಿನ ಆಟವನ್ನು ಮತ್ತೊಮ್ಮೆ ನೋಡಿ.

ಸ್ಪ್ರಾಕೆಟ್ಟಿನ ಹಲ್ಲು ಗಮನಿಸಿ. ಕೊಕ್ಕೆಯ ಹಾಗೆ ಒಂದೇ ಕಡೆ ಬಾಗಿದ್ದರೆ ಆಯುಷ್ಯ ಮುಗಿದಿದೆ. ಬರೀ ಚೈನು ಬದಲಿಸಿದರೆ ಹಳೆ ಹಲ್ಲು ಹೊಸ ಚೈನನ್ನೂ ತಿನ್ನುತ್ತದೆ. ಚೈನು, ಎರಡೂ ಸ್ಪ್ರಾಕೆಟ್ ಸೆಟ್ಟಾಗಿಯೇ ಹಾಕಿ. ಚೈನಿನ ಎರಡು ತುದಿ ಕೂಡಿಸುವ ಚೈನ್ ಲಾಕ್ ಇದ್ದರೆ ಮೀನಿನ ಆಕಾರದ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು.

ಬ್ರೇಕು

ಚೈನು ಬಿಗಿ ಮಾಡಿದಾಗ ಹಿಂಚಕ್ರ ಹಿಂದೆ ಸರಿಯುತ್ತದೆ, ಅಲ್ವಾ? ಅದರ ಜೊತೆ ಡ್ರಮ್ ಬ್ರೇಕಿನ ರಾಡೂ ಎಳೆದುಕೊಳ್ಳುತ್ತದೆ. ಆದ್ದರಿಂದ ಚೈನು ಆದ ಮೇಲೆ ಬ್ರೇಕು ನೋಡುವುದು ಕಡ್ಡಾಯ. ಪೆಡಲ್ 20ರಿಂದ 30 ಮಿ.ಮೀ. ಇಳಿದ ಮೇಲೆ ಬ್ರೇಕು ಹಿಡಿಯಬೇಕು. ರಾಡಿನ ತುದಿಯ ನಟ್ ತಿರುಗಿಸಿ ಸರಿ ಮಾಡಿ. ಆ ನಟ್ಟಿನ ಬಾಯಲ್ಲಿ ಒಂದು ಕಚ್ಚು ಇದೆ. ಅದು ಪಿನ್ನಿನ ಮೇಲೆ ಸರಿಯಾಗಿ ಕೂತಿರಬೇಕು. ಕೊನೆಗೆ ಚಕ್ರ ತಿರುಗಿಸಿ, ಎಲ್ಲೂ ಉಜ್ಜಬಾರದು. ಬ್ರೇಕ್ ಒತ್ತಿದಾಗ ಡ್ರಮ್ಮಿನ ಹೊರಗಿನ ಬಾಣದ ಗುರುತು ಕೊನೆಯ ಗೀಟಿಗೆ ಬಂದರೆ ಒಳಗಿನ ಬ್ರೇಕ್ ಶೂ ಸವೆದಿದೆ, ಬದಲಿಸಿ.

ಡ್ರಮ್ ಬಿಚ್ಚಿದರೆ ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಡಿಸ್ಕ್ ಬ್ರೇಕ್ ಇದ್ದರೆ ಮನೆಯಲ್ಲಿ ಪ್ಯಾಡ್ ಬದಲಿಸುವ ತನಕ ಸರಿ. ಪ್ಯಾಡಿನ ನಡುವಿನ ಗೆರೆ ಸವೆದು ಮಾಯವಾಗಿದ್ದರೆ ಹೊಸದು ಬೇಕು. ಹೊಸ ಪ್ಯಾಡ್ ಹಾಕಿದ ಮೇಲೆ ಲಿವರನ್ನು ಗಟ್ಟಿಯಾಗುವ ತನಕ ಪಂಪ್ ಮಾಡಿ. ಇದನ್ನು ಮಾಡದೆ ಹೊರಟರೆ ಮೊದಲ ಸಲ ಒತ್ತಿದಾಗ ಬ್ರೇಕೇ ಇರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆ ಕೆಲಸವನ್ನು ಮೊದಲ ಸಲ ತಿಳಿದವರ ಪಕ್ಕ ಕೂತು ಕಲಿಯಿರಿ.

ಕೇಬಲ್, ಪ್ಲಗ್, ಗಾಳಿ ಫಿಲ್ಟರ್, ಬ್ಯಾಟರಿ

ಕ್ಲಚ್ ಗಟ್ಟಿಯಾಗಿದ್ದರೆ ಮೊದಲು ಕೇಬಲ್ ನೋಡಿ. ಲಿವರಿನಿಂದ ಕೇಬಲ್ ತುದಿ ಬಿಡಿಸಿ. ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆ ಕತ್ತರಿಸಿ ಆಲಿಕೆಯ ಹಾಗೆ ಕೇಬಲ್ಲಿಗೆ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಅದಕ್ಕೆ ಎರಡು ಚಮಚ ತೆಳು ಎಣ್ಣೆ ಹಾಕಿ, ತುದಿ ಮೇಲೆ ಮಾಡಿ ರಾತ್ರಿ ಬಿಡಿ. ಬೆಳಿಗ್ಗೆ ಕೆಳಗಿನ ತುದಿಯಿಂದ ತುಕ್ಕಿನ ಬಣ್ಣದ ಹನಿ ಬರುತ್ತದೆ. ಒಂದು ಎಳೆ ಹರಿದಿದ್ದರೂ ಕೇಬಲ್ ಬದಲಿಸಿ. ಮರಳಿ ಹಾಕಿದ ಮೇಲೆ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಖಾಲಿ ಆಟ ಇರಲಿ.

ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ತಣ್ಣಗಿದ್ದಾಗಲೇ ಬಿಚ್ಚಿ. ತುದಿ ತಿಳಿ ಕಂದು ಇದ್ದರೆ ಎಲ್ಲ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ನೋಡಿಸಬೇಕು. ಬೆಳ್ಳಗೆ ಸುಟ್ಟಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಹೊಸ ಪ್ಲಗ್ಗನ್ನು ಕೈಯಲ್ಲೇ ಪೂರ್ತಿ ತಿರುಗಿಸಿ, ತಾಗಿದ ಮೇಲೆ ಅರ್ಧ ಸುತ್ತು ಸ್ಪ್ಯಾನರಿನಲ್ಲಿ. ಇದೂ ಅಲ್ಯೂಮಿನಿಯಂ ಮರೆಯೇ.

ಗಾಳಿ ಫಿಲ್ಟರ್ ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ತುಸು ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಎಣ್ಣೆ ಹಚ್ಚಿ ಬರುವ ಕಾಗದದ ಫಿಲ್ಟರನ್ನು ತೊಳೆಯಲೂಬಾರದು, ಗಾಳಿ ಹೊಡೆಯಲೂಬಾರದು. ಹೊಸದು ಹಾಕುವುದೊಂದೇ ದಾರಿ.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ರಾತ್ರಿಯಿಡೀ ನಿಂತ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.5. ಅದು ಏರದೇ ಇದ್ದರೆ ತಪ್ಪು ಚಾರ್ಜ್ ಮಾಡುವ ಕಡೆ ಇದೆ. ಹೊಸ ಬ್ಯಾಟರಿ ಕೊಂಡು ಪ್ರಯೋಜನವಿಲ್ಲ.

ಅಪ್‌ಗ್ರೇಡ್: ಮೊದಲು ಟೈರು

ದುಡ್ಡು ಹಾಕುವುದಾದರೆ ಮೊದಲು ಟೈರಿಗೆ ಹಾಕಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಅದನ್ನು ನೋಡಿಯೇ ಕೊಳ್ಳಿ. ಕಂಪನಿ ಹೇಳಿದ ಸೈಜನ್ನೇ ಹಾಕಿ. ದಪ್ಪ ಟೈರು ನೋಡಲು ಚೆಂದ, ಆದರೆ ಚಿಕ್ಕ ರಿಮ್ಮಿಗೆ ಹಾಕಿದರೆ ಆಕಾರ ಕೆಡುತ್ತದೆ, ಮೈಲೇಜೂ ಇಳಿಯುತ್ತದೆ.

ಹೆಡ್‌ಲೈಟಿಗೆ ಅಗ್ಗದ ಎಲ್‌ಇಡಿ ಬಲ್ಬ್ ಬೇಡ ಎನ್ನುತ್ತೇನೆ. ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಅದರ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಘಾಟಿಯ ಮಂಜಿನಲ್ಲಿ ನಿಮಗೂ ಕಾಣುವುದಿಲ್ಲ, ಎದುರಿನವರಿಗೂ ಕಣ್ಣು ಕುಕ್ಕುತ್ತದೆ. ಸೈಲೆನ್ಸರ್ ಬದಲಿಸುವುದಂತೂ ಬೇಡವೇ ಬೇಡ. ಆರ್‌ಸಿಯಲ್ಲಿ ಇರುವುದಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಮಲಗಿದ ಮಕ್ಕಳು, ವಯಸ್ಸಾದವರು ಇರುವ ಬೀದಿಯಲ್ಲಿ ಆ ಸದ್ದು ಯಾಕೆ ಬೇಕು?

ನಿಜಕ್ಕೂ ಉಪಯೋಗಕ್ಕೆ ಬರುವುದು ಮೊಬೈಲ್ ಚಾರ್ಜರ್. ಇದನ್ನು ಬ್ಯಾಟರಿಗೆ ನೇರ ಕಟ್ಟಬೇಡಿ, ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಆನ್ ಆಗುವ ಸ್ವಿಚ್ಚು, ಅದರ ಮೂಲಕ ಕಟ್ಟಿ. ನಾಲ್ಕು ಕಾಲಿನ ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ. ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ವೈರು, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ, 30ಕ್ಕೆ. 87ರಿಂದ ಚಾರ್ಜರಿಗೆ. ಕೀ ಆನ್ ಮಾಡಿದಾಗ ಮಾತ್ರ ಕರೆಂಟು ಬರುವ ವೈರು, ಅಂದರೆ ಹಾರ್ನಿನ ಅಥವಾ ಬ್ರೇಕ್ ಲೈಟ್ ಸ್ವಿಚ್ಚಿನ ಪಾಸಿಟಿವ್, ಅದರಿಂದ 86ಕ್ಕೆ. 85 ಮತ್ತು ಚಾರ್ಜರಿನ ನೆಗೆಟಿವ್ ಎರಡೂ ಬ್ಯಾಟರಿಯ ನೆಗೆಟಿವ್‌ಗೆ. 5 ವೋಲ್ಟ್, 2 ಆಂಪಿಯರಿನ ಚಾರ್ಜರ್ ಅಂದರೆ 10 ವಾಟ್. 12 ವೋಲ್ಟಿನಲ್ಲಿ ಅದು ಹತ್ತಿರ ಹತ್ತಿರ 1 ಆಂಪಿಯರ್. 3 ಆಂಪಿಯರಿನ ಫ್ಯೂಸ್ ಸಾಕು. ಕೀ ತೆಗೆದರೆ ಚಾರ್ಜರೂ ನಿಲ್ಲುತ್ತದೆ. ಸಣ್ಣ ಬೈಕಿನ ಬ್ಯಾಟರಿ 3 ಆಂಪಿಯರ್ ಅವರ್‌ನದ್ದೂ ಇರುತ್ತದೆ, ರಾತ್ರಿಯಿಡೀ ಸೋರಿದರೆ ಬೆಳಿಗ್ಗೆ ಕಿಕ್ಕರೇ ಗತಿ. ವೈರಿನ ಜೋಡಣೆಗೆ ಹೀಟ್ ಶ್ರಿಂಕ್ ತೋಳು ಹಾಕಿ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ವೈರು ಎಳೆಯುವುದಿಲ್ಲ ಎಂದು ನೋಡಿ.

ಹೊರಡುವ ಮೊದಲು

ಬಿಚ್ಚಿದ ಪ್ರತಿ ನಟ್ಟನ್ನೂ ಇನ್ನೊಮ್ಮೆ ಮುಟ್ಟಿ. ನಾನು ಬಿಗಿ ಮಾಡಿದ್ದಕ್ಕೆಲ್ಲ ಬಿಳಿ ಪೆಯಿಂಟಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ನಟ್ಟು ಕದಲಿದರೆ ಗೆರೆ ತಪ್ಪಿದ್ದು ದೂರದಿಂದಲೇ ಕಾಣುತ್ತದೆ. ಆಮೇಲೆ ಗಾಳಿ ನೋಡಿ, ಹೆಲ್ಮೆಟ್ ಹಾಕಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎರಡು ಕಿ.ಮೀ. ಹೋಗಿ ಬನ್ನಿ. ಮೊದಲ ನೂರು ಮೀಟರಿನಲ್ಲೇ ಎರಡೂ ಬ್ರೇಕು ಒತ್ತಿ ನೋಡಿ.

ಬಂದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಮೀಟರಿನ ಕಿ.ಮೀ., ಏನೇನು ಮಾಡಿದಿರಿ ಎಂದು ಬರೆದಿಡಿ. ಫೋರ್ಕ್ ಆಯಿಲ್, ವಾಲ್ವ್, ಕ್ಲಚ್ ಪ್ಲೇಟ್, ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯ ಪೆಟ್ರೋಲ್ ಇಂಜೆಕ್ಷನ್ ಇವೆಲ್ಲ ಸದ್ಯಕ್ಕೆ ಮೆಕ್ಯಾನಿಕ್ ಕೈಯಲ್ಲೇ ಇರಲಿ. ಆ ನೋಟ್‌ಬುಕ್ ತೋರಿಸಿದರೆ ಅವರಿಗೂ ಕೆಲಸ ಸುಲಭ.

ರಾತ್ರಿ ಬೈಕ್ ನಿಲ್ಲಿಸುವಾಗ ಎಂಜಿನ್ ಅಡಿಗೆ ಒಂದು ಹಾಳೆ ಪೇಪರ್ ಹಾಸಿ. ಬೆಳಿಗ್ಗೆ ಎದ್ದು ಅದರ ಮೇಲೆ ಎಣ್ಣೆಯ ಚುಕ್ಕೆ ಇದೆಯಾ ನೋಡಿ.